ತಪ್ಪೊಪ್ಪಿಕೊಂಡ ಅಂಪೈರ್, ಕೈ ಚಾಚಿದ ಆಟಗಾರ

ಆಟದ ಮೈದಾನದಲ್ಲಿ ಅಂಪೈರ್ ಸ್ಥಾನ ವಿಲಕ್ಷಣವಾದುದು. ನೂರು ತೀರ್ಪುಗಳನ್ನು ಸರಿಯಾಗಿ ನೀಡಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಒಂದು ತೀರ್ಪು ತಪ್ಪಿದರೆ ಅವರ ಹೆಸರು ಜೀವನಪರ್ಯಂತ ಆ ತಪ್ಪಿನೊಂದಿಗೇ ತಳಕು ಹಾಕಿಕೊಳ್ಳುತ್ತದೆ. ಕಡತಗಳ ಮೇಲೆ ಆದೇಶ ಬರೆಯುತ್ತಲೇ ತಲೆ ನರೆಸಿಕೊಂಡ ನನ್ನಂಥ ನಿವೃತ್ತ ಅಧಿಕಾರಿಗಳಿಗೆ ಈ ಸ್ಥಿತಿ ಅಪರಿಚಿತವೇನಲ್ಲ. ಆದ್ದರಿಂದಲೇ ಇರಬೇಕು, ನನಗೆ ಅಷ್ಟೇನೂ ಪರಿಚಯವಿಲ್ಲದ ಬೇಸ್‌ಬಾಲ್ ಎಂಬ ಆಟದಲ್ಲಿ ಹದಿನೈದು ವರ್ಷಗಳಿಗೂ ಹಿಂದೆ ನಡೆದ ಒಂದು ಘಟನೆ ಇಂದಿಗೂ ನನ್ನ ಮನಸ್ಸನ್ನು ಬಿಟ್ಟುಹೋಗಿಲ್ಲ.

2010ರ ಜೂನ್ 2. ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಕೊಮೆರಿಕಾ ಪಾರ್ಕ್ ಕ್ರೀಡಾಂಗಣ. ಅಂದು ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ ಎದುರಾಳಿಯಾಗಿದ್ದುದು, ಆಗ ಇಂಡಿಯನ್ಸ್ ಎಂಬ ಹೆಸರು ಹೊಂದಿದ್ದ ಕ್ಲೀವ್‌ಲ್ಯಾಂಡ್ ತಂಡ. ಡೆಟ್ರಾಯಿಟ್ ಪರವಾಗಿ ಚೆಂಡೆಸೆಯುತ್ತಿದ್ದವರು ವೆನೆಜುವೆಲಾ ದೇಶದ 28 ವರ್ಷದ ಅರ್ಮಾಂಡೊ ಗಲರಾಗಾ. ಕೆಲವೇ ವಾರಗಳ ಹಿಂದೆಯಷ್ಟೇ ಕೆಳಹಂತದ ಲೀಗ್‌ನಿಂದ ಮುಖ್ಯ ತಂಡಕ್ಕೆ ಮರಳಿದ್ದ ಅವರು ಖ್ಯಾತನಾಮರೇನೂ ಆಗಿರಲಿಲ್ಲ.

ಬೇಸ್‌ಬಾಲ್ ಅರಿಯದ ಓದುಗರಿಗಾಗಿ ಒಂದೆರಡು ಮಾತು. ಈ ಆಟದಲ್ಲಿ ಪ್ರತಿ ತಂಡಕ್ಕೂ ಒಂಬತ್ತು ಸರದಿಗಳಿರುತ್ತವೆ. ಪ್ರತಿ ಸರದಿಯಲ್ಲಿ ಮೂವರು ಔಟಾಗಬೇಕು. ಎದುರಾಳಿ ತಂಡದ ಇಪ್ಪತ್ತೇಳು ದಾಂಡಿಗರನ್ನು ಸಾಲಾಗಿ, ಒಬ್ಬರನ್ನೂ ಮೊದಲ ಬೇಸ್ ತಲುಪಲು ಬಿಡದೆ ಔಟ್ ಮಾಡಿದರೆ ಅದನ್ನು ‘ಪರ್ಫೆಕ್ಟ್ ಗೇಮ್’, ಅಂದರೆ ಪರಿಪೂರ್ಣ ಪಂದ್ಯ ಎನ್ನುತ್ತಾರೆ. ಇದು ಎಷ್ಟು ದುರ್ಲಭವೆಂದರೆ, 1880ರಲ್ಲಿ ಮೊದಲ ಬಾರಿ ದಾಖಲಾದ ಈ ಸಾಧನೆ ಆ ದಿನದ ಹೊತ್ತಿಗೆ ಕೇವಲ 20 ಬಾರಿ ಸಾಧ್ಯವಾಗಿತ್ತು. ಈ ನಡುವೆ ನಡೆದಿದ್ದ ಪಂದ್ಯಗಳ ಸಂಖ್ಯೆಯಾದರೋ ಲಕ್ಷಗಳನ್ನು ದಾಟಿತ್ತು.

ಗಲರಾಗಾ ಅಂದು ಇಪ್ಪತ್ತಾರು ದಾಂಡಿಗರನ್ನು ಸಾಲಾಗಿ ಔಟ್ ಮಾಡಿದ್ದರು. ಇಪ್ಪತ್ತೇಳನೆಯವರು ಜೇಸನ್ ಡೊನಾಲ್ಡ್. ಅವರು ಹೊಡೆದ ಚೆಂಡು ನೆಲದಲ್ಲಿ ಉರುಳಿತು. ಮಿಗೆಲ್ ಕಬ್ರೆರಾ ಅದನ್ನು ಹಿಡಿದು ಮೊದಲ ಬೇಸ್‌ಗೆ ಎಸೆದರು. ಅಲ್ಲಿಗೆ ಓಡಿಬಂದ ಗಲರಾಗಾ ಅದನ್ನು ಕೈಗವಸಿನಲ್ಲಿ ಹಿಡಿದು ಬೇಸನ್ನು ಮೆಟ್ಟಿದರು. ಡೊನಾಲ್ಡ್ ಅವರ ಕಾಲು ಬೇಸ್ ತಲುಪಿದ್ದು ಆನಂತರ. ಅದು ಔಟ್. ಆದರೆ ಅಲ್ಲಿ ನಿಂತಿದ್ದ ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈಗಳನ್ನು ಅಗಲವಾಗಿ ಬೀಸಿದರು. ‘ಸೇಫ್’, ಅಂದರೆ ನಾಟೌಟ್.

ಜಾಯ್ಸ್ ಹೊಸಬರಲ್ಲ. ಎರಡು ದಶಕಗಳಿಗೂ ಮೀರಿದ ಅನುಭವವುಳ್ಳ, ಆಟಗಾರರ ಗೌರವ ಗಳಿಸಿದ್ದ ಅಂಪೈರ್. ಡೆಟ್ರಾಯಿಟ್ ತಂಡದ ಆಟಗಾರರು ಕೂಗಾಡಿದರು; ಮ್ಯಾನೇಜರ್ ಜಿಮ್ ಲೇಲ್ಯಾಂಡ್ ಮೈದಾನಕ್ಕಿಳಿದು ವಾದಿಸಿದರು; ಪ್ರೇಕ್ಷಕರು ಗದ್ದಲವೆಬ್ಬಿಸಿದರು. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡಿದ್ದ ಗಲರಾಗಾ ಮಾತ್ರ ಏನೂ ಹೇಳಲಿಲ್ಲ. ಅಂಪೈರ್ ಕಡೆ ನೋಡಿ ಮುಗುಳ್ನಕ್ಕರು. ಚೆಂಡನ್ನೆತ್ತಿಕೊಂಡು ಸ್ವಸ್ಥಾನಕ್ಕೆ ಮರಳಿ, ಮುಂದಿನ ದಾಂಡಿಗನನ್ನು ಔಟ್ ಮಾಡಿ, 3–0 ಅಂತರದಲ್ಲಿ ಪಂದ್ಯ ಮುಗಿಸಿದರು.

ಪಂದ್ಯ ಮುಗಿದ ಮೇಲೆ ಅಂಪೈರ್‌ಗಳ ಕೊಠಡಿಯಲ್ಲಿ ಜಾಯ್ಸ್ ಆ ದೃಶ್ಯದ ಮರುಪ್ರಸಾರವನ್ನು ನೋಡಿದರು. ಒಮ್ಮೆ ನೋಡಿದೊಡನೆಯೇ ತಪ್ಪಿನ ಅರಿವಾಯಿತು. ಆಗ ಅವರ ಮುಂದೆ ಸುಲಭದ ದಾರಿಗಳು ಹಲವಿದ್ದವು. ಹಿಂಬಾಗಿಲಿನಿಂದ ಹೊರಟುಹೋಗಬಹುದಿತ್ತು. ‘ಆ ಕ್ಷಣದಲ್ಲಿ ನನಗೆ ಕಂಡಂತೆ ತೀರ್ಪು ನೀಡಿದ್ದೇನೆ’ ಎಂಬ ನುಣುಚು ಮಾತು ಹೇಳಬಹುದಿತ್ತು. ಅವರು ಇದಾವುದನ್ನೂ ಮಾಡಲಿಲ್ಲ. ಪತ್ರಕರ್ತರ ಎದುರು ನಿಂತು, ತೀರ್ಪು ತಪ್ಪೆಂದೂ ಆ ಹುಡುಗನ ಪರಿಪೂರ್ಣ ಪಂದ್ಯವನ್ನು ತಾನೇ ಕಸಿದುಕೊಂಡೆನೆಂದೂ ಒಪ್ಪಿಕೊಂಡರು. ಗಲರಾಗಾ ಅವರನ್ನು ಭೇಟಿಯಾಗಿ, ಅಪ್ಪಿಕೊಂಡು, ಕಣ್ಣೀರಿನೊಂದಿಗೆ ಕ್ಷಮೆ ಕೇಳಿದರು. ಗಲರಾಗಾ ಪತ್ರಕರ್ತರಿಗೆ ಹೇಳಿದ ಮಾತಿನ ಸಾರವಿಷ್ಟೇ: ಪರಿಪೂರ್ಣರು ಯಾರೂ ಇಲ್ಲ.

ಮರುದಿನ ಅದೇ ಎರಡು ತಂಡಗಳ ನಡುವೆ ಮತ್ತೊಂದು ಪಂದ್ಯ. ಸರದಿಯ ಪ್ರಕಾರ ಅಂದು ಜಾಯ್ಸ್ ಅವರೇ ಮುಖ್ಯ ಅಂಪೈರ್. ಬೇಡವೆನಿಸಿದರೆ ರಜೆ ಪಡೆಯುವ ಅವಕಾಶವನ್ನು ಅವರಿಗೆ ನೀಡಲಾಗಿತ್ತು, ಅವರು ನಿರಾಕರಿಸಿದರು. ಪಂದ್ಯಕ್ಕೆ ಮೊದಲು ತಂಡದ ಆಟಗಾರರ ಪಟ್ಟಿಯನ್ನು ಅಂಪೈರ್‌ಗೆ ಒಪ್ಪಿಸುವುದು ಸಾಮಾನ್ಯವಾಗಿ ಮ್ಯಾನೇಜರ್ ಅಥವಾ ಅವರ ಸಹಾಯಕರ ಕೆಲಸ. ಅಂದು ಪಟ್ಟಿ ಹಿಡಿದು ಬಂದವರು ಗಲರಾಗಾ. ಜಾಯ್ಸ್ ಕಣ್ಣೊರೆಸಿಕೊಳ್ಳುತ್ತ ಅದನ್ನು ಸ್ವೀಕರಿಸಿದರು. ಹಿಂದಿನ ದಿನ ಗದ್ದಲವೆಬ್ಬಿಸಿದ್ದ ಡೆಟ್ರಾಯಿಟ್‌ನ ಪ್ರೇಕ್ಷಕರಲ್ಲಿ ಬಹುತೇಕರು ಚಪ್ಪಾಳೆ ತಟ್ಟಿದರು.

ಈ ಪ್ರಸಂಗವನ್ನು ಹೃದಯಸ್ಪರ್ಶಿ ಎಂದು ಕೊಂಡಾಡಿ ಅಷ್ಟಕ್ಕೇ ಬಿಟ್ಟುಬಿಡುವುದು ಸುಲಭ. ಆದರೆ ಅದರಲ್ಲಿ ಪರಸ್ಪರ ಬೇರೆಯಾದ ಮೂರು ಸಂಗತಿಗಳಿವೆ. ತಪ್ಪನ್ನು ಒಪ್ಪಿಕೊಳ್ಳುವುದು ಒಂದು, ಆ ಒಪ್ಪಿಗೆಯನ್ನು ಸ್ವೀಕರಿಸುವುದು ಮತ್ತೊಂದು, ತಪ್ಪನ್ನು ತಿದ್ದುವುದು ಮೂರನೆಯದು. ಡೆಟ್ರಾಯಿಟ್‌ನಲ್ಲಿ ಮೊದಲ ಎರಡು ನಡೆದವು, ಮೂರನೆಯದು ನಡೆಯಲಿಲ್ಲ.

ಮೊದಲನೆಯದನ್ನು ನೋಡೋಣ. ಅಂಪೈರ್ ತಪ್ಪೊಪ್ಪಿಕೊಂಡರೆ ಅವರ ಅಧಿಕಾರಕ್ಕೆ ಕುಂದುಂಟಾಗುತ್ತದೆ ಎಂಬುದು ಹಳೆಯ ನಂಬಿಕೆ. 1905ರಿಂದ 1941ರವರೆಗೆ ಅಮೆರಿಕದಲ್ಲಿ ಅಂಪೈರ್ ಆಗಿದ್ದ ಬಿಲ್ ಕ್ಲೆಮ್, ತಾವು ಎಂದೂ ತಪ್ಪು ತೀರ್ಪು ನೀಡಿಲ್ಲವೆಂದು ಹೇಳಿಕೊಂಡಿದ್ದರೆಂಬ ಕಥೆ ಆ ಆಟದ ಜಾನಪದದಲ್ಲಿ ಸೇರಿಹೋಗಿದೆ. ಅಧಿಕಾರವೆಂದರೆ ಅಚಲತೆ ಎಂಬ ಭಾವನೆ ಇದರ ಹಿಂದಿದೆ. ಒಂದು ತೀರ್ಪನ್ನು ತಪ್ಪೆಂದು ಒಪ್ಪಿಕೊಂಡರೆ ಮುಂದಿನ ಪ್ರತಿ ತೀರ್ಪಿಗೂ ವಾಗ್ವಾದ ಎದುರಾಗುತ್ತದೆ ಎಂಬ ಭಯ ಪೂರ್ಣ ನಿರಾಧಾರವೂ ಅಲ್ಲ.

ಆದರೆ ಜಾಯ್ಸ್ ವಿಷಯದಲ್ಲಿ ಆದದ್ದು ಇದಕ್ಕೆ ವ್ಯತಿರಿಕ್ತ. ಅದೇ ತಿಂಗಳು ಅಮೆರಿಕದ ಕ್ರೀಡಾ ನಿಯತಕಾಲಿಕವೊಂದು ಆಟಗಾರರ ನಡುವೆ ನಡೆಸಿದ ಮತಸಂಗ್ರಹದಲ್ಲಿ ಜಾಯ್ಸ್ ಅತ್ಯುತ್ತಮ ಅಂಪೈರ್ ಎಂದು ಆಯ್ಕೆಯಾದರು. ಇದಕ್ಕೆ ಕಾರಣವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಹೀಗೆ ಅರ್ಥೈಸುತ್ತೇನೆ. ಅಲ್ಲಿ ಪ್ರತಿ ತಂಡವೂ ಒಂದು ಋತುವಿನಲ್ಲಿ 162 ಪಂದ್ಯಗಳನ್ನಾಡುತ್ತದೆ. ಅಂಪೈರ್ ಮತ್ತು ಆಟಗಾರರು ವರ್ಷಾನುಗಟ್ಟಲೆ ಮತ್ತೆ ಮತ್ತೆ ಎದುರಾಗುತ್ತಾರೆ. ಒಮ್ಮೆ ಮಾತ್ರ ನಡೆಯುವ ವ್ಯವಹಾರದಲ್ಲಿ ತಪ್ಪು ಮುಚ್ಚಿಟ್ಟವನಿಗೆ ಲಾಭವಿರಬಹುದು. ಮತ್ತೆ ಮತ್ತೆ ನಡೆಯುವ ವ್ಯವಹಾರದಲ್ಲಿ ನಂಬಿಕೆಯೇ ಬಂಡವಾಳ. ತಪ್ಪಾದಾಗ ‘ತಪ್ಪಾಯಿತು’ ಎಂದು ಹೇಳುವವರು, ‘ನಾನು ಸರಿ’ ಎಂದಾಗಲೂ ಆ ಮಾತಿಗೆ ತೂಕ ಬರುತ್ತದೆ.

ಹಾಗಿದ್ದರೆ ಎಲ್ಲರೂ ಏಕೆ ಒಪ್ಪಿಕೊಳ್ಳುವುದಿಲ್ಲ? ಒಪ್ಪಿಗೆಗೆ ನಾವು ಕಟ್ಟುವ ಬೆಲೆ ಅಷ್ಟು ದುಬಾರಿಯಾದುದರಿಂದ. 1985ರ ಬೇಸ್‌ಬಾಲ್ ವಿಶ್ವ ಸರಣಿಯ ಆರನೇ ಪಂದ್ಯದಲ್ಲಿ ಡಾನ್ ಡೆಂಕಿಂಗರ್ ಎಂಬ ಅಂಪೈರ್ ಮೊದಲ ಬೇಸ್‌ನಲ್ಲಿಯೇ ಇಂಥದೇ ತಪ್ಪು ಮಾಡಿದರು. ಗೆಲುವಿನ ಸನಿಹದಲ್ಲಿದ್ದ ಸೇಂಟ್ ಲೂಯಿಸ್ ತಂಡ ಆ ಪಂದ್ಯವನ್ನು ಕ್ಯಾನ್ಸಸ್ ಸಿಟಿಗೆ ಬಿಟ್ಟುಕೊಟ್ಟು, ಮರುದಿನ ಸರಣಿಯನ್ನೂ ಕಳೆದುಕೊಂಡಿತು. ಡೆಂಕಿಂಗರ್ ತಪ್ಪನ್ನು ಒಪ್ಪಿಕೊಂಡರು. ಆದರೂ ದ್ವೇಷದ ಪತ್ರಗಳೂ ಬೆದರಿಕೆಗಳೂ ಅವರನ್ನು ಬಹುಕಾಲ ಬೆನ್ನಟ್ಟಿದವು. ಜಾಯ್ಸ್ ಅವರ ಕುಟುಂಬಕ್ಕೂ ಆ ಒಂದು ರಾತ್ರಿ ಬೆದರಿಕೆಗಳು ತಪ್ಪಲಿಲ್ಲ. ಇಬ್ಬರ ಕಥೆಗಳಲ್ಲಿರುವ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಕಾರಣ, ಎದುರಿಗೆ ನಿಂತಿದ್ದ ಗಲರಾಗಾ. ಅನ್ಯಾಯಕ್ಕೊಳಗಾದವರೇ ಕೈ ಚಾಚಿದ ಮೇಲೆ ಉಳಿದವರಿಗೆ ಕಲ್ಲೆತ್ತುವ ನೈತಿಕ ಹಕ್ಕು ಉಳಿಯುವುದಿಲ್ಲ.

ಕ್ರಿಕೆಟ್‌ನಲ್ಲೇ ಬೆಳೆದ ನಮಗೆ ಇದು ಅರ್ಥವಾಗದ ವಿಷಯವಲ್ಲ. 2008ರ ಜನವರಿಯ ಸಿಡ್ನಿ ಟೆಸ್ಟ್ ನೆನಪಿಸಿಕೊಳ್ಳಿ. ಆಂಡ್ರೂ ಸೈಮಂಡ್ಸ್ ಅವರ ಬ್ಯಾಟ್ ಸವರಿದ ಚೆಂಡು ವಿಕೆಟ್ ಕೀಪರ್ ಕೈಸೇರಿದರೂ ಅಂಪೈರ್ ಸ್ಟೀವ್ ಬಕ್ನರ್ ಔಟ್ ನೀಡಲಿಲ್ಲ. ಎರಡನೇ ಇನಿಂಗ್ಸ್‌ನಲ್ಲಿ ನಮ್ಮ ರಾಹುಲ್ ದ್ರಾವಿಡ್ ಅವರ ಬ್ಯಾಟಿಗೆ ತಾಗದ ಚೆಂಡಿಗೆ ಔಟ್ ನೀಡಲಾಯಿತು. ಅನಿಲ್ ಕುಂಬ್ಳೆ ನಾಯಕತ್ವದ ಭಾರತ 122 ರನ್‌ಗಳಿಂದ ಸೋತಿತು. ದೇಶದಲ್ಲಿ ಅಂಪೈರ್‌ಗಳ ಪ್ರತಿಕೃತಿಗಳನ್ನು ಸುಡಲಾಯಿತು. ಮುಂದಿನ ಪರ್ತ್ ಟೆಸ್ಟ್‌ನಿಂದ ಬಕ್ನರ್ ಅವರನ್ನು ಕೈಬಿಡಲಾಯಿತು. ಅನ್ಯಾಯ ನಿಜ, ನಮ್ಮ ಸಿಟ್ಟೂ ಸಹಜ. ಆದರೆ ಅಂಥ ವಾತಾವರಣದಲ್ಲಿ ಯಾವ ಅಂಪೈರ್ ತಾನೇ ಮರುದಿನ ಬೆಳಿಗ್ಗೆ ಎದ್ದು ‘ನಾನು ತಪ್ಪಿದೆ’ ಎಂದು ಹೇಳಿಯಾರು? ಸಚಿನ್ ತೆಂಡೂಲ್ಕರ್ ಅವರಿಗೆ ಬೇರೆ ಸಂದರ್ಭಗಳಲ್ಲಿ ತಾವು ಎರಡು ಬಾರಿ ತಪ್ಪಾಗಿ ಔಟ್ ನೀಡಿದ್ದನ್ನು ಇದೇ ಬಕ್ನರ್ ಒಂದು ರೇಡಿಯೊ ಸಂದರ್ಶನದಲ್ಲಿ ಒಪ್ಪಿಕೊಂಡದ್ದು 2020ರಲ್ಲಿ. ಅವರು ನಿವೃತ್ತರಾಗಿ ಹನ್ನೊಂದು ವರ್ಷ ಕಳೆದ ಬಳಿಕ. ಅಲ್ಲಿಯೂ ಅವರು ಹೇಳಿದ್ದು, ಯಾವ ಅಂಪೈರೂ ಬೇಕೆಂದು ತಪ್ಪು ಮಾಡುವುದಿಲ್ಲವೆಂದೇ.

ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನ ನಮ್ಮ ನಾಡಿನವರದೇ ಇದೆ. 1980ರ ಫೆಬ್ರುವರಿಯಲ್ಲಿ, ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಮುಂಬೈಯ ವಾಂಖೆಡೆ ಕ್ರೀಡಾಂಗಣದಲ್ಲಿ ಭಾರತ–ಇಂಗ್ಲೆಂಡ್ ಟೆಸ್ಟ್ ನಡೆಯಿತು. ಭಾರತದ ನಾಯಕರು ಭದ್ರಾವತಿಯ ಜಿ.ಆರ್. ವಿಶ್ವನಾಥ್. 58 ರನ್‌ಗಳಿಗೆ ಐದು ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡ್‌ಗೆ ಇಯಾನ್ ಬೋಥಂ ಮತ್ತು ಬಾಬ್ ಟೇಲರ್ ಆಸರೆಯಾಗಿದ್ದರು. ಆಗ ಟೇಲರ್ ಕೀಪರ್‌ಗೆ ಕ್ಯಾಚಿತ್ತರೆಂದು ಅಂಪೈರ್ ಔಟ್ ನೀಡಿದರು. ಸ್ಲಿಪ್‌ನಲ್ಲಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂಬುದು ಖಚಿತವಾಗಿತ್ತು. ಅವರು ಅಂಪೈರ್ ಬಳಿಗೆ ಹೋಗಿ ತಿಳಿಸಿದರು, ತೀರ್ಪನ್ನು ಹಿಂತೆಗೆದುಕೊಳ್ಳಲಾಯಿತು, ಟೇಲರ್ ಆಟ ಮುಂದುವರಿಸಿದರು. ಆ ಜೊತೆಯಾಟ 171 ರನ್‌ಗಳವರೆಗೆ ಬೆಳೆಯಿತು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು.

ವಿಶ್ವನಾಥ್ ಅವರ ಔದಾರ್ಯವನ್ನು ನಾವು ಸದಾ ಸ್ಮರಿಸುತ್ತೇವೆ. ನನ್ನ ಗಮನ ಅಂದಿನ ಅಂಪೈರ್ ಕಡೆಗೂ ಹೋಗುತ್ತದೆ. ತುಂಬಿದ ಕ್ರೀಡಾಂಗಣದಲ್ಲಿ ಎತ್ತಿದ ಬೆರಳನ್ನು ಹಿಂತೆಗೆದುಕೊಳ್ಳಲು ಅವರಿಗೆ ಸಾಧ್ಯವಾದದ್ದು, ತಿದ್ದುಪಡಿಯನ್ನು ಸೂಚಿಸಿದ ನಾಯಕರು ಅದನ್ನು ಅವಮಾನವಾಗಿಸದೆ ಇದ್ದುದರಿಂದ. ಡೆಟ್ರಾಯಿಟ್‌ನಲ್ಲಿ ಆಗದ ಮೂರನೆಯ ಕಾರ್ಯ ಮುಂಬೈಯಲ್ಲಿ ಆಯಿತು. ತಪ್ಪು ಅಲ್ಲೇ, ಆಗಲೇ ತಿದ್ದಲ್ಪಟ್ಟಿತು.

ಈಗ ನನ್ನದೇ ಒಂದು ಕಥೆ ಹೇಳದಿದ್ದರೆ ಇಷ್ಟು ಹೊತ್ತಿನ ಉಪದೇಶ ಪ್ರಾಮಾಣಿಕವಾಗುವುದಿಲ್ಲ. ಬಹಳ ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಉಪವಿಭಾಗದಲ್ಲಿ ನಾನು ಉಪವಿಭಾಗಾಧಿಕಾರಿಯಾಗಿದ್ದೆ. ಜಮೀನಿನ ಖಾತೆ ಬದಲಾವಣೆಗೆ ಸಂಬಂಧಿಸಿದ ಒಂದು ಮೇಲ್ಮನವಿ ನನ್ನ ಮುಂದೆ ಬಂತು. ಒಂದೇ ಸರ್ವೆ ನಂಬರಿನ ಎರಡು ಹಿಸ್ಸಾಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿದು, ವಯಸ್ಸಾದ ಒಬ್ಬ ರೈತರ ವಿರುದ್ಧ ಆದೇಶ ಬರೆದೆ. ಕೆಲವು ತಿಂಗಳ ನಂತರ ಕಚೇರಿಯ ಶಿರಸ್ತೇದಾರರು ಬೇರಾವುದೋ ಕಡತ ನೋಡುವಾಗ ಅದನ್ನು ಪತ್ತೆಹಚ್ಚಿ, ಬಾಗಿಲು ಮುಚ್ಚಿ, ತಗ್ಗಿದ ದನಿಯಲ್ಲಿ ನನಗೆ ತಿಳಿಸಿದರು. ಮರುಮಾತಾಗಿ ಅವರೇ ಹೇಳಿದರು: ‘ಬರೆದಾಗಿದೆ ಸರ್. ಅವರು ಹೇಗೂ ಜಿಲ್ಲಾಧಿಕಾರಿಗಳ ಬಳಿ ಹೋಗಿದ್ದಾರೆ, ಅಲ್ಲೇ ಸರಿಹೋಗುತ್ತೆ. ನಾವಾಗಿಯೇ ಬರೆದರೆ ವಿವರಣೆ ಕೇಳುತ್ತಾರೆ.’

ಅವರು ನನ್ನ ಹಿತಕ್ಕಾಗಿಯೇ ಹೇಳಿದ್ದು. ನಾನು ಸುಮ್ಮನಾದೆ. ಜಿಲ್ಲಾಧಿಕಾರಿಗಳ ಕಚೇರಿಗೆ ಒಂದು ಪುಟದ ಪತ್ರ ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಆದೇಶ ರದ್ದಾಗಲು ಮೂರು ವರ್ಷ ಹಿಡಿಯಿತು; ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ವಕೀಲರ ಶುಲ್ಕಕ್ಕಾಗಿ ಆ ರೈತರು ಎತ್ತಿನ ಜೋಡಿಯನ್ನು ಮಾರಿದ್ದರೆಂಬ ಸಂಗತಿ ಆಮೇಲೆ ಕಿವಿಗೆ ಬಿತ್ತು. ಅವರು ನನ್ನನ್ನು ಕ್ಷಮಿಸುತ್ತಿದ್ದರೋ ಇಲ್ಲವೋ ತಿಳಿಯದು. ಕೇಳುವ ಅವಕಾಶ ನನಗಿತ್ತು, ನಾನು ಕೇಳಲಿಲ್ಲ. ಜಾಯ್ಸ್ ಕಣ್ಣೊರೆಸಿಕೊಳ್ಳುತ್ತಿದ್ದ ಆ ದೃಶ್ಯವನ್ನು ದೂರದರ್ಶನದಲ್ಲಿ ನೋಡಿದ ದಿನ ನನಗೆ ನೆನಪಾದದ್ದು ಆ ಹಿಸ್ಸಾ ನಂಬರು.

ಆದ್ದರಿಂದ ಡೆಟ್ರಾಯಿಟ್‌ನ ಕಥೆಯಲ್ಲಿ ಅಪೂರ್ಣವಾಗಿ ಉಳಿದ ಮೂರನೆಯ ಭಾಗದ ಬಗ್ಗೆ ಹೇಳಲೇಬೇಕು. ಅಂಪೈರ್ ಒಪ್ಪಿಕೊಂಡರು, ಆಟಗಾರರು ಕ್ಷಮಿಸಿದರು, ಇಡೀ ದೇಶ ಅದನ್ನು ಟಿ.ವಿ.ಯಲ್ಲಿ ಕಂಡಿತು. ಆದರೂ ಬೇಸ್‌ಬಾಲ್ ಆಯುಕ್ತ ಬಡ್ ಸೆಲಿಗ್ ತೀರ್ಪನ್ನು ಬದಲಿಸಲಿಲ್ಲ. ಮಿಷಿಗನ್ ರಾಜ್ಯಪಾಲರಾಗಿದ್ದ ಜೆನಿಫರ್ ಗ್ರಾನ್‌ಹೋಮ್ ಅದನ್ನು ಪರಿಪೂರ್ಣ ಪಂದ್ಯವೆಂದು ಸಾರಿ ಘೋಷಣಾಪತ್ರ ಹೊರಡಿಸಿದರು. ಜನರಲ್ ಮೋಟರ್ಸ್ ಕಂಪನಿ ಗಲರಾಗಾ ಅವರಿಗೆ ಒಂದು ಕಾರ್ವೆಟ್ ಕಾರನ್ನು ಉಡುಗೊರೆಯಾಗಿತ್ತಿತು. ದಾಖಲೆ ಪುಸ್ತಕ ಮಾತ್ರ ಬದಲಾಗಲಿಲ್ಲ. 2025ರ ಋತುವಿನ ಕೊನೆಯವರೆಗೆ ದಾಖಲಾಗಿರುವ 24 ಪರಿಪೂರ್ಣ ಪಂದ್ಯಗಳಲ್ಲಿ ಅದು ಸೇರಿಲ್ಲ. ಗಲರಾಗಾ ಮೇಜರ್ ಲೀಗ್‌ನಲ್ಲಿ ಕೊನೆಯ ಬಾರಿಗೆ ಆಡಿದ್ದು 2012ರಲ್ಲಿ. 2020ರಲ್ಲಿ ಅವರು ತಮ್ಮ ಪಂದ್ಯವನ್ನು ಇನ್ನಾದರೂ ಮಾನ್ಯ ಮಾಡಬೇಕೆಂದು ಬಹಿರಂಗವಾಗಿ ಕೋರಿದರು. ಕ್ಷಮಿಸಿದವರು ಕಳೆದುಕೊಂಡದ್ದನ್ನು ಮರೆತಿದ್ದಾರೆಂದು ಭಾವಿಸುವುದು ಅನುಕೂಲಸ್ಥರ ಭ್ರಮೆ.

ಸೆಲಿಗ್ ಅವರ ನಿಲುವಿನ ಹಿಂದೆ ಒಂದು ತರ್ಕವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮುಗಿದ ಪಂದ್ಯವನ್ನು ಒಮ್ಮೆ ತೆರೆದರೆ ಹಿಂದಿನ ನೂರಾರು ಪಂದ್ಯಗಳ ಬಾಗಿಲು ಬಡಿಯುವವರು ಬರುತ್ತಾರೆ. ತೀರ್ಪಿಗೊಂದು ಅಂತಿಮತೆ ಬೇಕು ಎಂಬುದು ಆಡಳಿತದಲ್ಲಿಯೂ ಸಲ್ಲುವ ಮಾತು. ಆದರೆ ಈ ಪ್ರಕರಣದಲ್ಲಿ ಆ ಔಟಿನೊಂದಿಗೆ ಪಂದ್ಯವೇ ಮುಗಿಯುತ್ತಿತ್ತು. ತಿದ್ದಿದ್ದರೆ ಗೆದ್ದವರು ಸೋಲುತ್ತಿರಲಿಲ್ಲ, ಸೋತವರು ಗೆಲ್ಲುತ್ತಿರಲಿಲ್ಲ. ತಪ್ಪು ಮಾಡಿದವರೇ ತಪ್ಪೆಂದು ಸಾಕ್ಷ್ಯ ನುಡಿಯುತ್ತಿದ್ದರು. ಇಂಥ ಸ್ಥಿತಿಯಲ್ಲೂ ತಿದ್ದಲಾಗದ ಅಂತಿಮತೆ ನ್ಯಾಯಕ್ಕಿಂತ ಹೆಚ್ಚಾಗಿ ಕಡತದ ಅನುಕೂಲವನ್ನೇ ಕಾಯುತ್ತದೆ.

ಸಂಸ್ಥೆ ಆಮೇಲಾದರೂ ಪಾಠ ಕಲಿಯಿತು. 2010ರಲ್ಲಿ ವಿಡಿಯೊ ಪರಿಶೀಲನೆ ಹೋಮ್ ರನ್ ಹೊಡೆತಗಳಿಗಷ್ಟೇ ಸೀಮಿತವಾಗಿತ್ತು. 2014ರಿಂದ ಬೇಸ್‌ಗಳಲ್ಲಿ ನೀಡುವ ತೀರ್ಪುಗಳಿಗೂ ಅದು ವಿಸ್ತರಿಸಿತು. ಎಸೆತ ಸರಿಯಾದ ವಲಯದಲ್ಲಿ ಸಾಗಿತೇ ಎಂಬುದನ್ನು ಯಂತ್ರದ ನೆರವಿನಿಂದ ಪ್ರಶ್ನಿಸುವ ವ್ಯವಸ್ಥೆಯನ್ನು 2026ರ ಋತುವಿನಿಂದ ಜಾರಿಗೆ ತರಲು 2025ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ದೊರೆಯಿತು. ಕ್ರಿಕೆಟ್‌ನಲ್ಲಿ ಇಂಥ ಮರುಪರಿಶೀಲನೆಯ ಮೊದಲ ಪ್ರಯೋಗ ನಡೆದದ್ದು 2008ರ ಭಾರತ–ಶ್ರೀಲಂಕಾ ಟೆಸ್ಟ್ ಸರಣಿಯಲ್ಲಿ. ಅದೇ ವರ್ಷದ ಆರಂಭದಲ್ಲಿ ಸಿಡ್ನಿಯಲ್ಲಿ ನೊಂದಿದ್ದ ಭಾರತವೇ ಆ ಪದ್ಧತಿಯನ್ನು 2016ರವರೆಗೆ ಬಹುಮಟ್ಟಿಗೆ ವಿರೋಧಿಸಿತೆಂಬುದು ಒಂದು ವಿಪರ್ಯಾಸ.

ಯಂತ್ರ ಬಂದ ಮೇಲೆ ತಪ್ಪೊಪ್ಪಿಗೆಗೆ ಸ್ಥಾನವಿಲ್ಲವೆಂದು ಕೆಲವರು ಹೇಳುವುದುಂಟು. ನನ್ನ ಅಭಿಪ್ರಾಯ ಬೇರೆ. ಪರಿಶೀಲನೆಯ ಬಳಿಕ ತನ್ನ ತೀರ್ಪನ್ನು ತಾನೇ ಬದಲಿಸಿ ಸನ್ನೆ ಮಾಡುವ ಅಂಪೈರ್ ಇಂದು ಕ್ರಿಕೆಟ್‌ನ ನಿತ್ಯದೃಶ್ಯ. ಅದರಿಂದ ಅವರ ಗೌರವವೇನೂ ಕುಂದಿಲ್ಲ. ತಪ್ಪೊಪ್ಪಿಗೆಯನ್ನು ಅಸಾಧಾರಣ ಧೈರ್ಯದ ಕೃತ್ಯದಿಂದ ದೈನಂದಿನ ಕ್ರಮವಾಗಿ ಮಾರ್ಪಡಿಸಿದ್ದೇ ಈ ವ್ಯವಸ್ಥೆಯ ದೊಡ್ಡ ಕೊಡುಗೆ. ಎಲ್ಲ ಅಂಪೈರ್‌ಗಳೂ ಜಾಯ್ಸ್ ಆಗಬೇಕೆಂದು ನಿರೀಕ್ಷಿಸುವುದಕ್ಕಿಂತ, ಸಾಮಾನ್ಯರೂ ಸುಲಭವಾಗಿ ತಪ್ಪು ತಿದ್ದಿಕೊಳ್ಳಬಹುದಾದ ಏರ್ಪಾಡು ಲೇಸು.

ನಮ್ಮ ಆಡಳಿತದಲ್ಲಿ ಇಂಥ ಏರ್ಪಾಡು ಕಾಗದದ ಮೇಲೆ ಇಲ್ಲದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 114ನೇ ಕಲಮು ಪುನರ್ವಿಮರ್ಶೆಗೂ, 152ನೇ ಕಲಮು ಬರವಣಿಗೆ ಮತ್ತು ಲೆಕ್ಕದ ದೋಷಗಳ ತಿದ್ದುಪಡಿಗೂ ಅವಕಾಶ ನೀಡುತ್ತವೆ. ಕಂದಾಯ ಪ್ರಕರಣಗಳಲ್ಲಿ ಮೇಲಿನ ಪ್ರಾಧಿಕಾರಗಳಿವೆ. ಇಲ್ಲದಿರುವುದು, ತಪ್ಪು ಮಾಡಿದ ಅಧಿಕಾರಿಯೇ ಮೊದಲು ಬಾಯಿ ತೆರೆಯಲು ಬೇಕಾದ ಅಭಯ. ಸ್ವಂತ ತಪ್ಪನ್ನು ಗುರುತಿಸಿ ಮೇಲಧಿಕಾರಿಗೆ ವರದಿ ಮಾಡಿದವರಿಗೆ, ದುರುದ್ದೇಶವಿಲ್ಲದಿದ್ದಲ್ಲಿ, ಅದೇ ಕಾರಣಕ್ಕೆ ಶಿಸ್ತುಕ್ರಮವಿಲ್ಲವೆಂದು ಸರ್ಕಾರ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಬಹುದು. ಮುಚ್ಚಿಟ್ಟು ಸಿಕ್ಕಿಬಿದ್ದವರಿಗೆ ಶಿಕ್ಷೆ ಕಠಿಣವಾಗಿರಲಿ. ಒಪ್ಪಿಗೆಯ ಬೆಲೆ ಇಳಿಯಬೇಕು, ಮುಚ್ಚಿಡುವುದರ ಬೆಲೆ ಏರಬೇಕು. ಬೆಲೆಗಳು ತಿರುಗುಮುರುಗಾಗಿರುವ ತನಕ ಬರೀ ಸಚ್ಚಾರಿತ್ರ್ಯದ ಬೋಧನೆಯಿಂದ ಪ್ರಯೋಜನವಿಲ್ಲ.

ನಾಗರಿಕರಾದ ನಮ್ಮ ಪಾಲೂ ಇದರಲ್ಲಿದೆ. ಒಬ್ಬ ಅಧಿಕಾರಿ, ವೈದ್ಯ, ಅಧ್ಯಾಪಕ ಅಥವಾ ಅಂಪೈರ್ ‘ತಪ್ಪಾಯಿತು’ ಎಂದಾಗ, ‘ಎಷ್ಟು ತಿಂದಿದ್ದರೋ’ ಎಂಬ ಶಂಕೆಯಿಂದಲೇ ನಾವು ಮಾತು ಆರಂಭಿಸುತ್ತೇವೆ. ಲಂಚಕ್ಕೂ ಲೋಪಕ್ಕೂ ವ್ಯತ್ಯಾಸವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಲೋಪವೆಸಗಿದವರೂ ಲಂಚಕೋರರಂತೆ ಮೌನಕ್ಕೆ ಶರಣಾಗುತ್ತಾರೆ.

ನನ್ನ ಕಚೇರಿಯ ಬಾಗಿಲು ಮುಚ್ಚಿದ್ದ ಆ ಮಧ್ಯಾಹ್ನ, ಒಂದು ಪುಟದ ಪತ್ರ ಬರೆದರೆ ಅದು ನನ್ನ ಸೇವಾಪುಸ್ತಕದಲ್ಲಿ ಕಪ್ಪುಚುಕ್ಕೆಯಾಗುವುದಿಲ್ಲವೆಂಬ ಭರವಸೆ ಇದ್ದಿದ್ದರೆ ನಾನು ಬರೆಯುತ್ತಿದ್ದೆನೆಂದೇ ನಂಬಿದ್ದೇನೆ. ಅದು ನನ್ನ ಸಮರ್ಥನೆಯಲ್ಲ. ಜಾಯ್ಸ್ ಅವರಿಗೂ ಅಂಥ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಆದರೆ ಇಂದು ಯಾವುದೋ ತಾಲ್ಲೂಕಿನಲ್ಲಿ ಅಂಥದೇ ಕಡತವನ್ನು ಮುಂದಿಟ್ಟುಕೊಂಡು ಕುಳಿತಿರುವ ಕಿರಿಯ ಅಧಿಕಾರಿಯೊಬ್ಬರು ಇರಬಹುದು. ಅವರ ಆದೇಶದಿಂದ ನೊಂದ ರೈತರೊಬ್ಬರು ಎತ್ತುಗಳನ್ನು ಮಾರುವ ಯೋಚನೆಯಲ್ಲಿರಬಹುದು. ಆ ಪತ್ರ ಈ ಬಾರಿ ಬರೆಯಲ್ಪಡಲಿ ಎಂಬುದಷ್ಟೇ ನನ್ನ ಆಶಯ.